ಯಾರಿಗೂ ಬೇಡದ ನೂರು ಷೇರು

ಫ್ರಿಜ್ ಕೆಟ್ಟು ಕೂತಿತ್ತು. ಅದರ ರಿಪೇರಿಗಾಗುತ್ತೆ ಅಂತ, ನನ್ನ ಹತ್ತಿರ ಉಳಿದಿದ್ದ ನೂರು ಷೇರು ಮಾರಲು ದೇವರಾಜ ಮೊಹಲ್ಲಾದ ಬ್ರೋಕರ್ ಆಫೀಸಿನ ಮೆಟ್ಟಿಲು ಹತ್ತಿದೆ. ಗ್ರಾನೈಟ್ ತೆಗೆಯುವ ಒಂದು ಸಣ್ಣ ಗಣಿ ಕಂಪನಿಯ ಷೇರು ಅದು. ಹಿಂದೆ ಸಾವಿರ ಕೊಂಡಿದ್ದೆ, ಅದರ ಮೇಲೆ ಬೋನಸ್ ಅಂತ ನೂರು ಬಂದಿತ್ತು. ಆ ಸಾವಿರವನ್ನು ಆಗಲೇ ಮಾರಿಬಿಟ್ಟಿದ್ದೆ.

ಕಂಪ್ಯೂಟರ್ ಮುಂದಿದ್ದ ಹೆಂಗಸು ತಲೆಯಾಡಿಸಿದರು. "ಕಂಪ್ಯೂಟರ್ ತಗೊಳ್ತಾ ಇಲ್ಲ ಸಾರ್. ಇಂಥ ಸಣ್ಣ ಕಂಪನಿ ಷೇರು ಬಿಡಿಬಿಡಿಯಾಗಿ ಅಲ್ಲ, ಸಾವಿರ ಸಾವಿರದ ಲಾಟಲ್ಲೇ ವ್ಯಾಪಾರ ಆಗೋದು."

"ಹಂಗಾದ್ರೆ ಇನ್ನೊಂಬೈನೂರು ಕೊಡಿ, ಸಾವಿರ ಮಾಡ್ಕೊಂಡು ಮಾರ್ಬುಡ್ತೀನಿ," ಅಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಕೊಳ್ಳೋದೂ ಸಾವಿರವೇ ಕಣ್ರೀ. ಆಗ ಸಾವಿರದ ನೂರಾಗುತ್ತೆ. ಸಾವಿರ ಮಾರ್ತೀರ. ಮತ್ತೆ ನೂರು ಉಳಿಯುತ್ತೆ."

ನನಗೆ ತಲೆ ಗಿರ್ರ್ ಅಂತು. "ಮತ್ತೆ ಇದನ್ನ ಯಾರೂ ತಗೊಳ್ಳೋದೇ ಇಲ್ವಾ?"

"ಇಂಥ ಚಿಲ್ಲರೆ ಷೇರು ತಗೊಳ್ಳೋಕೆ ಅಂತಲೇ ಒಬ್ಬ ದಲ್ಲಾಳಿ ಇರ್ತಾರೆ. ಅವರು ಹೇಳಿದ್ದೇ ರೇಟು. ಇವತ್ತು ಇನ್ನೂ ಏನೂ ಹೇಳಿಲ್ಲ."

ನನಗೆ ರೇಗಿಹೋಯ್ತು. "ಇಲ್ಲೇ ಮಾರ್ಕೆಟ್ಟಲ್ಲಿ ಹೂವಿನವಳು ಅರ್ಧ ಮೊಳ ಕೇಳಿದ್ರೂ ಕತ್ತರಿಸಿ ಕೊಡ್ತಾಳೆ ಕಣಮ್ಮ!"

"ಕೊಡ್ತಾಳೆ ಸಾರ್. ಆ ಅರ್ಧ ಮೊಳಾನ ಅವಳಿಗೇ ವಾಪಸ್ ಮಾರೋಕೆ ಹೋಗಿ ನೋಡಿ."

ಕೆಳಗಿಳಿದು ಬಂದವನು ಅರ್ಧ ಮೊಳ ಮಲ್ಲಿಗೆ ಕೊಂಡೆ. ಫ್ರಿಜ್ ಏನಾಯ್ತು ಅಂತ ಹೆಂಡತಿ ಕೇಳುವಾಗ ಕೈಯಲ್ಲಿ ಏನಾದರೂ ಇರಬೇಕಲ್ಲ.