ಪೆನ್‌ಡ್ರೈವ್ ಮತ್ತು ಒಂದೆರಡು ಭಜನೆ

ನನಗೊಂದು ಕೆಟ್ಟ ಚಟವಿದೆ: ಶುಚಿತ್ವ. ಯಾರಿಗೆ ಏನು ಕೊಡುವುದಿದ್ದರೂ ತೊಳೆದೇ ಕೊಡಬೇಕು. ಹೊಸದುರ್ಗದ ನಮ್ಮ ಬೀದಿಗೆ ಪೆನ್‌ಡ್ರೈವ್ ಎಂಬ ಹೆಬ್ಬೆರಳುದ್ದದ ಅದ್ಭುತ ಮೊದಲು ಬಂದದ್ದು ನನ್ನ ಅಂಗಿಯ ಜೇಬಿನಲ್ಲಿ. ಒಳಗೆ ತಿರುಗುವ ಚಕ್ರವಿಲ್ಲ, ಟೇಪಿನ ಹಾಗೆ ಸಿಕ್ಕುಬೀಳುವ ಸುರುಳಿಯಿಲ್ಲ. ಎದುರು ಮನೆಯ ಗಿರಿಜಮ್ಮ ಟೀಚರ್ ಎರಡು ದಿನಕ್ಕೆ ಕೇಳಿದಾಗ, ಅದರಲ್ಲಿದ್ದುದನ್ನೆಲ್ಲ ಅಳಿಸಿ ತೊಳೆದ ಚೊಂಬಿನಂತೆ ಕೊಟ್ಟೆ. ಎಲ್ಲದರ ಪ್ರತಿಯೂ ಶಾಲೆಯ ಕಂಪ್ಯೂಟರಿನಲ್ಲಿದೆ ಎಂಬ ಧೈರ್ಯ.

ಮರುದಿನ ಶಾಲೆಯ ಕಂಪ್ಯೂಟರ್ ತೆರೆದು ನೋಡಿದರೆ ಅಲ್ಲಿ ಪ್ರಶ್ನೆಪತ್ರಿಕೆಗಳಿದ್ದವು, ಅವ್ವನ ಫೋಟೊ ಇರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಅವ್ವ ತುಟಿ ಬಿಗಿದು ರೇಷನ್ ಕಾರ್ಡಿನ ಮುಖ ಮಾಡುವವಳು. ಹಾಲುರಾಮೇಶ್ವರದ ದೇವಸ್ಥಾನದಲ್ಲಿ ಕೋತಿಯೊಂದು ನನ್ನ ಕೈಯಿಂದ ಹಣ್ಣುಕಾಯಿ ಕಿತ್ತುಕೊಂಡಾಗ ಮಾತ್ರ ಬಾಯ್ತುಂಬ ನಕ್ಕಿದ್ದಳು. ನನ್ನ ಹೆಂಡತಿ ಎರವಲು ಕ್ಯಾಮೆರಾದಲ್ಲಿ ಅದನ್ನು ಹಿಡಿದಿದ್ದಳು. ಅವ್ವ ತೀರಿಕೊಂಡು ಆರು ತಿಂಗಳಾಗಿತ್ತು. ಆ ನಗು ಮತ್ತೆಲ್ಲೂ ಇರಲಿಲ್ಲ. ನನ್ನ ಮೇಲೆ ನನಗೇ ರೋಸಿಹೋಯಿತು.

ಕಂಪ್ಯೂಟರ್ ಅಂಗಡಿಯ ನಾಗರಾಜನ ಹತ್ತಿರ ಗೋಳು ತೋಡಿಕೊಂಡೆ. ಅವನು ನಕ್ಕ.

"ಅಳಿಸಿದ್ರೆ ಹೋಗಲ್ಲ ಮೇಷ್ಟ್ರೇ. ಪಟ್ಟಿಯಾಗೆ ಹೆಸರು ಹೊಡೆದ್ಹಾಕಿರ್ತೈತೆ ಅಷ್ಟೆ, ಫೋಟೊ ಅಲ್ಲೇ ಐತೆ. ಅದ್ರ ಮ್ಯಾಲೆ ಹೊಸದೇನೂ ಬೀಳಬಾರ್ದು. ಮೊದ್ಲು ಹೋಗಿ ಇಸ್ಕಂಡ್ ಬರ್ರಿ."

ಎಂಥ ಸುದ್ದಿ ನೋಡಿ! ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದರೂ ವಿದ್ಯಾರ್ಥಿ ಹಿಂದಿನ ಬೆಂಚಿನಲ್ಲಿ ಕೂತೇ ಇದ್ದಾನೆ. ಚಪ್ಪಲಿಯ ಉಂಗುಷ್ಟ ಕಿತ್ತದ್ದೂ ಗೊತ್ತಾಗದೆ ಗಿರಿಜಮ್ಮನವರ ಮನೆಗೆ ಓಡಿದೆ. ಅವರು ನಗುನಗುತ್ತಾ ಪೆನ್‌ಡ್ರೈವ್ ತಂದುಕೊಟ್ಟರು.

"ನನ್ದೆಲ್ಲ ತೆಗೆದೀನಿ ಮೇಷ್ಟ್ರೇ. ಬರಿದು ಹೆಂಗೆ ಕೊಡಾದು ಅಂತ ಒಂದೆರಡು ಭಜನೆ ಹಾಕೀನಿ."

ಆ ಭಜನೆ ಅವ್ವನ ನಗುವಿನ ಮೇಲೆಯೇ ಬಿದ್ದಿದ್ದರೆ? ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂಬುದು ನಮ್ಮ ಬೀದಿಯ ಪದ್ಧತಿ. ಬೀದಿಗೆಲ್ಲ ಅದನ್ನು ಕಲಿಸಿದವಳು ಅವ್ವನೇ. ಇನ್ನು ಯಾರನ್ನು ಬೈಯಲಿ?

ಪೆನ್‌ಡ್ರೈವನ್ನು ಅಂಗಡಿಗೆ ತಂದುಕೊಟ್ಟೆ. ನಾಗರಾಜ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಅದೇನನ್ನೋ ಒತ್ತಿದ. ಪರದೆಯ ಮೇಲೆ ಹಸಿರು ಗೆರೆ ತೆವಳತೊಡಗಿತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಹೆಸರು ಕಳೆದುಕೊಂಡು ಬರೀ ನಂಬರು ಹೊತ್ತು ಒಂದೊಂದೇ ಎದ್ದು ಬಂದವು: ನನ್ನ ರಜಾ ಅರ್ಜಿ, ಅರ್ಧಕ್ಕೆ ನಿಂತ ಕವನ (ಅದು ಹೋಗಿದ್ದರೆ ಯಾರಿಗೂ ನಷ್ಟವಿರಲಿಲ್ಲ), ಆಮೇಲೆ ದೇವಸ್ಥಾನದ ಕಂಬ, ಅವ್ವನ ಬೈತಲೆ, ಕಣ್ಣು, ನಗು. ಅಂಗಡಿಯಲ್ಲೇ ಕುಣಿದುಬಿಟ್ಟೆ. ಗದ್ದದಿಂದ ಕೆಳಗೆ ಮಾತ್ರ ಬರೀ ಬೂದು ಬಣ್ಣ.

"ಇನ್ನೊಂದು ಭಜನೆ ಹಾಕಿದ್ರೆ ಬಾಯೂ ಹೋಗ್ತಿತ್ತು," ಎಂದ ನಾಗರಾಜ.

ಆ ಫೋಟೊ ಈಗ ನಮ್ಮ ಗೋಡೆಯ ಮೇಲಿದೆ. ಕೆಳಗಿನ ಬೂದು ಏನೆಂದು ಬಂದವರೆಲ್ಲ ಕೇಳುತ್ತಾರೆ. ಅದು ಗಿರಿಜಮ್ಮನವರ ಭಜನೆ ಎನ್ನುತ್ತೇನೆ. ತನ್ನ ಮಾತು ಬೀದಿಯಲ್ಲಿ ಇನ್ನೂ ನಡೆಯುತ್ತಿದೆಯಲ್ಲ ಎಂದು ಅವ್ವ ಅದರ ಮೇಲೆ ಕೂತು ನಗುತ್ತಿದ್ದಾಳೆ.