ಮಾಬ್ಲ ಕುಮಟೆಗೆ ಒಯ್ದ ಕಲ್ಲು

ಭಟ್ಕಳದ ಹತ್ತಿರದ ಹೆಬಳೆಯ ಮಾಬ್ಲ ಮೀನುಗಾರಿಕೆ ಬೋಟಿನಲ್ಲಿ ಡ್ರೈವರ್ ಆಗಿದ್ದವನು. ವರ್ಷಗಟ್ಟಲೆ ಇಂಜಿನ್ನಿನ ಪಕ್ಕ ಕೂತು ಅವನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಮಂದವಾಯಿತು. ಕೂಗಿದ್ದು ಕೇಳದೆ ಏನಾದರೂ ಅನಾಹುತವಾದೀತೆಂದು ಮಾಲೀಕರು ಅವನನ್ನು ಕೆಲಸದಿಂದ ಇಳಿಸಿದರು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಜನರ ನಡುವೆ ಕೂತರೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಮತ್ತೆ ಮತ್ತೆ ‘ಎಂತ?’ ಎಂದು ಕೇಳಲು ನಾಚಿಕೆಯಾಗಿ ಚಹಾದಂಗಡಿಗೆ ಹೋಗುವುದನ್ನೂ ಬಿಟ್ಟ. ಸಂಜೆಯಾದರೆ ಅಂಗಳದಲ್ಲಿ ಕೂತು ಪಡುವಣ ಆಕಾಶ ನೋಡುವುದೇ ಅವನ ಕೆಲಸವಾಯಿತು.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಇನ್ನೂ ಬೆಳಕು ಪೂರ್ತಿ ಆರದ ಹೊತ್ತಿನಲ್ಲಿ, ಹಸಿರು ಬೆಂಕಿಯ ಉಂಡೆಯೊಂದು ಆಕಾಶದಲ್ಲಿ ಓಡಿಬಂದು ತೆಂಗಿನ ಸಾಲಿನ ಹಿಂದೆ ಮರೆಯಾಯಿತು. ಮಾಬ್ಲ ತಟ್ಟನೆ ಎದ್ದು ನಿಂತ. ತೋರಿಸೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಮರುದಿನ ಅಕ್ಕಪಕ್ಕದವರಿಗೆ ಹೇಳಿದರೆ, ಹಬ್ಬದಲ್ಲಿ ಉಳಿದ ಪಟಾಕಿ ಯಾರೋ ಬಿಟ್ಟಿರಬೇಕೆಂದು ಮಾತು ಮುಗಿಸಿದರು.

ಅವನು ತೆಂಗಿನ ಸಾಲಿನಾಚೆಯ ಗದ್ದೆಗಳಲ್ಲಿ ಹುಡುಕತೊಡಗಿದ. ಕೊನೆಗೆ ಒಂದು ಗದ್ದೆಯ ಬದುವಿನಲ್ಲಿ ಕರಿಯ ಕಲ್ಲೊಂದು ಸಿಕ್ಕಿತು. ತೆಂಗಿನಕಾಯಿಯಷ್ಟೇ ಗಾತ್ರ, ಎತ್ತಿದರೆ ಕೈ ಜಗ್ಗುವ ಭಾರ. ತೊಳೆದು ಜಗಲಿಯ ಮೇಲಿಟ್ಟುಕೊಂಡ. ಹೋಗುವಾಗ ಬರುವಾಗ ಅದರ ಮೇಲೆ ಕೈಯಾಡಿಸುತ್ತಿದ್ದ. ಕುಮಟೆಯ ಕಾಲೇಜಿಗೆ ಹೋಗುತ್ತಿದ್ದ ನೆರೆಮನೆಯ ಧನ್ಯಶ್ರೀ, ತಮ್ಮಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಕಲಿಸುವ ವೀಣಾ ಮೇಡಂ ಇದ್ದಾರೆ, ಅವರಿಗೆ ತೋರಿಸಿ ಎಂದಳು. ಮಾಬ್ಲ ಮದುವೆಮನೆಗೆ ಹಾಕುವ ಅಂಗಿ ತೊಟ್ಟು, ಕಲ್ಲನ್ನು ಹಳೆ ಲುಂಗಿಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಅವನಿಗೆ ಕಿವಿ ಕೇಳದೆಂದು ತಿಳಿದ ಕೂಡಲೇ ವೀಣಾ ಮೇಜು ಬಳಸಿ ಬಂದು ಅವನ ಬಲಕ್ಕೆ ಕುರ್ಚಿ ಹಾಕಿ ಕೂತರು. ಅಷ್ಟು ಹತ್ತಿರ ಕೂತು ಅವನ ಮಾತನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು. ಅವರು ಕಲ್ಲಿಗೆ ಅಯಸ್ಕಾಂತ ಹಿಡಿದರು, ಒಂದು ಮೂಲೆಯನ್ನು ಅರದಿಂದ ಉಜ್ಜಿ ಮಸೂರದಲ್ಲಿ ನೋಡಿದರು. ಬಳಿಕ ಅವನಿಗೂ ತೋರಿಸಿದರು. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆಗಳ ತೂತು.

“ಇದು ಮೇಲಿಂದ ಬಿದ್ದದ್ದಲ್ಲ. ಹಿಂದೆ ಯಾರೋ ಅಲ್ಲಿ ಕಬ್ಬಿಣ ಕರಗಿಸಿದ್ದಾರೆ, ಅದರ ಕಿಟ್ಟ ಇದು. ಉಲ್ಕೆಯ ಕಲ್ಲಿನಲ್ಲಿ ಹೀಗೆ ಗುಳ್ಳೆ ಇರೋದಿಲ್ಲ.”

ಮಾಬ್ಲ ಉಜ್ಜಿದ ಮೂಲೆಯನ್ನು ಬೆರಳಿನಿಂದ ಸವರಿದ. “ಹಾಗಾರೆ ನಾ ಕಂಡದ್ದು ಎಂತ, ಅಕ್ಕೋರೆ?”

“ನೀವು ಕಂಡದ್ದು ನಿಜವೇ ಇರಬಹುದು. ಮರದ ಹಿಂದೆಯೇ ಬಿತ್ತು ಅನ್ನಿಸ್ತದೆ, ಆದರೆ ಎಷ್ಟೋ ಮೈಲಿ ಆಚೆ ಇರ್ತದೆ. ನಿಮ್ಮ ಜೊತೆ ಇನ್ಯಾರು ನೋಡಿದ್ರು?”

“ಯಾರೂ ಇರ್ಲಿಲ್ಲ.”

ಬೇರೆ ಊರಿನಿಂದ ನೋಡಿದವರು ಒಬ್ಬರಾದರೂ ಸಿಕ್ಕರೆ ಅದು ಹೋದ ದಿಕ್ಕು ಊಹಿಸಬಹುದು ಎಂದರು ವೀಣಾ. ಕಿಟ್ಟವನ್ನು ಮಕ್ಕಳಿಗೆ ತೋರಿಸಲು ಇಟ್ಟುಕೊಳ್ಳಲೇ ಎಂದು ಕೇಳಿದಾಗ ಅವನು ಬೇಡವೆನ್ನಲಾರದೆ ಕೊಟ್ಟ. ವಾಪಸು ಬರುವಾಗ ತೊಡೆಯ ಮೇಲೆ ಬರೀ ಚೀಲ ಮತ್ತು ಲುಂಗಿ ಇದ್ದವು. ಭಟ್ಕಳ ಬರುವವರೆಗೂ ಅವನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದ.

ಆಮೇಲೆ ಅವನು ಶಿರಾಲಿಯ ಅಂಗಡಿಗಳಲ್ಲಿ, ಭಟ್ಕಳದ ಮೀನುಪೇಟೆಯಲ್ಲಿ ಜನರನ್ನು ಕೇಳುತ್ತ ತಿರುಗಿದ. ನಾಚಿಕೆ ಬಿಟ್ಟು ‘ಎಂತ? ಎಂತ?’ ಎಂದು ಕಿವಿಗೊಟ್ಟ. ಯಾರೂ ನೋಡಿರಲಿಲ್ಲ, ಆ ಹೊತ್ತಿಗೆ ಯಾರೂ ತಲೆಯೆತ್ತಿರಲಿಲ್ಲ. ಸಮುದ್ರದ ಮೇಲಿದ್ದವರು ಕಂಡಿರಬಹುದೆಂದು ಅವನಿಗೆ ಹೊಳೆಯಿತು. ಜೊತೆಯಲ್ಲಿ ದುಡಿದಿದ್ದ ಜಗದೀಶ ಈಗ ಹೊನ್ನಾವರದ ಬೋಟಿನಲ್ಲಿದ್ದ. ಫೋನಿನಲ್ಲಿ ಮಾತು ಕೇಳದೆಂಬ ಅಳುಕಿಗೆ ಮಾಬ್ಲ ಈವರೆಗೆ ಅವನಿಗೆ ಫೋನೇ ಹಚ್ಚಿರಲಿಲ್ಲ. ಅಂದು ಸ್ಪೀಕರ್ ಹಾಕಿ ಬಲಗಿವಿಗೆ ಒತ್ತಿಕೊಂಡ.

“ಕಂಡಿದ್ದೆ ಮಾಬ್ಲಣ್ಣ. ಹಸಿರು ಬೆಂಕಿ. ನಮ್ಮಿಂದ ಇನ್ನೂ ಪಡುವಣಕ್ಕೆ ಹೋತು. ಬೋಟಲ್ಲಿ ಮತ್ಯಾರೂ ನೋಡ್ಲಿಲ್ಲ, ನಗ್ತಾರೆ ಅಂತ ನಾನೂ ಸುಮ್ನಾದೆ. ನೀ ಇದ್ದಿದ್ರೆ ಹೇಳ್ತಿದ್ದೆ.”

ಮಾಬ್ಲನಿಗೆ ಎಲ್ಲ ಮಾತೂ ಕೇಳಿಸಿತು. ಆದರೂ ಕೊನೆಯದನ್ನು ಇನ್ನೊಮ್ಮೆ ಹೇಳಿಸಿಕೊಂಡ.

ಇಬ್ಬರೂ ಕಂಡ ದಿಕ್ಕನ್ನು ಮಾಬ್ಲ ಧನ್ಯಶ್ರೀಯ ಕೈಲಿ ಹೇಳಿಕಳಿಸಿದ. ವೀಣಾ ಅದನ್ನು ನಕಾಶೆಯ ಮೇಲೆ ಗೀಚಿ ನೋಡಿ, ಎರಡೂ ಗೆರೆ ಸಮುದ್ರಕ್ಕೇ ಹೋಗುತ್ತವೆ, ಏನಾದರೂ ಬಿದ್ದಿದ್ದರೆ ಅದು ಆಳದಲ್ಲಿರುತ್ತದೆ, ಇನ್ನು ಸಿಗದು ಎಂದು ಫೋನಿನಲ್ಲಿ ತಿಳಿಸಿದರು. ನೀವು ಕಂಡದ್ದು ನಿಜವೇ ಎಂದೂ ಸೇರಿಸಿದರು. ಮಾಬ್ಲ “ಆತು ಅಕ್ಕೋರೆ” ಎಂದ.

ಅಂದು ಸಂಜೆ ಇದನ್ನು ತಿಳಿಸಲು ಜಗದೀಶನಿಗೆ ಫೋನ್ ಹಚ್ಚಿದ. ಬೋಟು ಸಿಗ್ನಲ್ ದಾಟಿ ಹೋಗಿತ್ತು. ಇನ್ನೊಂದು ಸಲ ಹಚ್ಚಿ ನೋಡಿದ. ದಡಕ್ಕೆ ಬಂದ ಮೇಲೆ ಹೇಳಿದರಾಯಿತೆಂದು ಒಳಗೆ ಹೋಗಿ, ಗಂಜಿಗೆ ಒಂದು ಹಿಡಿ ಅಕ್ಕಿ ತೊಳೆಯತೊಡಗಿದ.