ಬೆಚ್ಚಗಿನ ಕೋಣೆಯಲ್ಲಿಟ್ಟ ಹಿಟ್ಟು

ಗುಜರಾತಿನ ವಟ್ವಾದಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ಕ್ಯಾಂಟೀನನ್ನು ನಾನು ಹಲವು ವರ್ಷ ನಡೆಸಿದೆ. ಉಡುಪಿ ಕಡೆಯವನು, ಓದಿದ್ದು ಎಸ್ಸೆಸ್ಸೆಲ್ಸಿ. ನನ್ನ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಬಂದರೆ ಮ್ಯಾನೇಜರನ್ನೂ ಹೊರಗೆ ನಿಲ್ಲಿಸುತ್ತಿದ್ದೆ. ಹಿಟ್ಟಿನ ಪಾತ್ರೆಯನ್ನಂತೂ ನನ್ನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಈ ಶುಚಿತ್ವದ ಹೆಸರು ನನಗೆ ಬಹಳ ಹಿತವಾಗಿತ್ತು.

ಮಹಡಿಯ ಲ್ಯಾಬಿಗೆ ಧಾರವಾಡದ ಹುಡುಗಿಯೊಬ್ಬಳು ಸೇರಿದಳು. ಗುಜರಾತಿಗಳು ನನ್ನನ್ನು ಕಾಕಾ ಎನ್ನುತ್ತಿದ್ದರು. ಅವಳೂ ಹಾಗೇ ಕರೆದಳು, ಆದರೆ ಅವಳ ಬಾಯಲ್ಲಿ ಅದು ಮನೆಯ ಮಾತಾಗಿತ್ತು.

"ಮೇಲೆ ಕೂತು ಎಂತ ಮಾಡ್ತಿ ಮಾರಾಯ್ತಿ?" ಎಂದು ಒಮ್ಮೆ ಕೇಳಿದೆ.

"ಯೀಸ್ಟ್ ಸಾಕತೀನ್ರಿ ಕಾಕಾ. ಅದರ ಜೀನ್ ಕತ್ತರಿಸಿ ಬ್ಯಾರೆ ಜೋಡಸ್ತೀವಿ. ಆಮ್ಯಾಲ ಸಕ್ಕರಿ ಹಾಕಿದ್ರ ಹೆಂಡ ಮಾಡೂದು ಬಿಟ್ಟು ಆ್ಯಸಿಡ್ ಮಾಡತದ. ಅದರಿಂದ ಪ್ಲಾಸ್ಟಿಕ್."

"ಪಾಪ, ಅದನ್ನೂ ಕಾರ್ಖಾನೆ ಕೆಲಸಕ್ಕೆ ಹಚ್ಚಿದ್ರಾ!"

"ನಗಬ್ಯಾಡ್ರಿ. ಭಾಳ ನಾಜೂಕದ ಅದು. ನಿಮ್ಮ ಇಡ್ಲಿ ಹಿಟ್ಟಿನ್ಯಾಗೂ ಇರತದಲ್ಲ, ಅಂಥಾ ಹೊರಗಿನ ಯೀಸ್ಟ್ ಒಂದ ಹನಿ ಬಿದ್ರ ಸಾಕು, ನಮ್ಮದನ್ನ ಮೂಲಿಗೆ ತಳ್ಳಿ ಅದ ಬೆಳೀತದ."

ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ದೊಡ್ಡ ಟ್ಯಾಂಕಿನಲ್ಲಿ ಅವಳ ಯೀಸ್ಟ್ ಆ್ಯಸಿಡ್ ಕೊಟ್ಟರೆ ನೌಕರಿ ಖಾಯಂ, ಇಲ್ಲವಾದರೆ ಮನೆಗೆ. ಅದೂ ನನಗೆ ಗೊತ್ತಿತ್ತು.

ಜನವರಿಯ ಚಳಿಗೆ ನನ್ನ ಹಿಟ್ಟು ಉಬ್ಬುವುದು ನಿಂತಿತು. ಮ್ಯಾನೇಜರು ಇಡ್ಲಿಯನ್ನು ತಟ್ಟೆಗೆ ಕುಟ್ಟಿ, "ಕಾಕಾ, ಇದನ್ನೂ ನಮ್ಮ ಪ್ಲಾಂಟಿನಲ್ಲೇ ತಯಾರಿಸಿದ್ದಾ?" ಎಂದರು. ಎಲ್ಲರೂ ನಕ್ಕರು. ಲ್ಯಾಬಿನಲ್ಲಿ ಯೀಸ್ಟಿಗೆಂದೇ ಹಗಲಿರುಳು ಬೆಚ್ಚಗಿಟ್ಟ ಕೋಣೆಯೊಂದಿತ್ತು. ಚಹಾ ಕೊಡಲು ಹೋದಾಗ ಅದರ ಬಿಸುಪು ನನ್ನ ಮುಖಕ್ಕೆ ತಾಗುತ್ತಿತ್ತು. ಊರಲ್ಲಿ ಚಳಿಗಾಲಕ್ಕೆ ಹಿಟ್ಟಿನ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುವುದು ವಾಡಿಕೆ. ನಾನು ಒಲೆಯೊಂದನ್ನು ಕಂಡುಕೊಂಡೆ, ಅಷ್ಟೆ. ಸಂಜೆ ಎಲ್ಲರೂ ಹೋದ ಮೇಲೆ ಪಾತ್ರೆಯನ್ನು ಅಲ್ಲಿಯ ಮೇಲಿನ ಶೆಲ್ಫಿನಲ್ಲಿಟ್ಟು ಬಂದೆ.

ಬೆಳಿಗ್ಗೆ ಹೋಗಿ ನೋಡಿದರೆ ಹಿಟ್ಟು ಉಕ್ಕಿ ಕೆಳಗಿನ ಸಾಲಿನ ಗಾಜಿನ ಫ್ಲಾಸ್ಕುಗಳ ಮೇಲೆ ಇಳಿದಿತ್ತು. ಹೆಗಲ ಬೈರಾಸಿನಿಂದ ಒಂದೊಂದನ್ನೂ ಒರೆಸಿದೆ. ಒಂದರ ಹತ್ತಿಯ ಬಿರಡೆ ಪೂರ್ತಿ ನೆನೆದಿತ್ತು. ಅದನ್ನು ಕಿತ್ತು, ದೇವರ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯನ್ನು ತಂದು ತುರುಕಿದೆ. ದೇವರ ಹತ್ತಿಗಿಂತ ಶುದ್ಧವಾದದ್ದು ಇನ್ನೇನಿದೆ! ಅವತ್ತಿನ ಇಡ್ಲಿ ಮಲ್ಲಿಗೆಯಂತಿತ್ತು. ಮ್ಯಾನೇಜರು ಆರು ತಿಂದರು.

ಆ ಫ್ಲಾಸ್ಕಿನ ಯೀಸ್ಟನ್ನೇ ಅವಳು ಟ್ಯಾಂಕಿಗೆ ಹಾಕಿದಳು. ಕೆಲವು ದಿನಗಳಲ್ಲಿ ಟ್ಯಾಂಕು ಹುಳಿಹೆಂಡದ ವಾಸನೆ ಹೊಡೆಯಿತು. ಹೊರಗಿನ ಯೀಸ್ಟ್ ಸೇರಿದೆ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಮ್ಯಾನೇಜರು ಊಟದ ಹೊತ್ತಿನಲ್ಲಿ, ಎಲ್ಲರೆದುರೇ, "ಸ್ವಚ್ಛತೆ ಅಂದರೇನು ಅಂತ ಈ ಕಾಕಾನಿಂದ ಕಲಿತುಕೋ!" ಎಂದು ಅವಳನ್ನು ಬೈದರು. ನಾನು ಸಾಂಬಾರು ಬಡಿಸುತ್ತಿದ್ದೆ. ತಲೆ ತಗ್ಗಿಸಿದೆ. ಅದನ್ನು ವಿನಯವೆಂದು ತಿಳಿದರು.

ಅವಳನ್ನು ಖಾಯಂ ಮಾಡಲಿಲ್ಲ. ಹೇಳಿಹೋಗಲು ಬಂದವಳು ಚಪ್ಪಲಿಯನ್ನು ಅಡುಗೆಮನೆಯ ಹೊರಗೇ ಬಿಟ್ಟು ಒಳಗೆ ಬಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಕ್ಯಾಂಟೀನಿನ ಗುತ್ತಿಗೆ ಕೈತಪ್ಪೀತೆಂಬ ಹೆದರಿಕೆ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಶುಚಿತ್ವದ ಆ ಹೆಸರು ಹೋದೀತೆಂಬ ಹೆದರಿಕೆ.

ಕ್ಯಾಂಟೀನು ಬಿಡುವ ದಿನ ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಬೆನ್ನು ತಟ್ಟಿ ನಕ್ಕರು. "ಕಾಕಾ, ನಿಮ್ಮ ಕಡೆಯ ಹುಡುಗಿ ಅಂತ ತಪ್ಪನ್ನು ನೀವು ಹೊರಬೇಕಾಗಿಲ್ಲ. ನೀವು ಅಂಥ ಕೆಲಸ ಮಾಡುವವರಾ?" ಎಷ್ಟು ಆಣೆ ಹಾಕಿದರೂ ನಂಬಲಿಲ್ಲ.

ಕಡೆಗೆ ಅವಳನ್ನು ಹುಡುಕಿಕೊಂಡು ವಡೋದರಾಕ್ಕೆ ಹೋದೆ. ಅವಳು ಮಂಜಲ್‌ಪುರದಲ್ಲಿ ಬಾಡಿಗೆಗಿದ್ದಳು. ಉಪ್ಪಿನಕಾಯಿ ಕಂಪನಿಯೊಂದರಲ್ಲಿ ಬಾಟಲಿ ಪರೀಕ್ಷಿಸುವ ಕೆಲಸ. ಹಿಟ್ಟು ಇಟ್ಟದ್ದರಿಂದ ಹಿಡಿದು ಬಿರಡೆ ಬದಲಿಸಿದ್ದರವರೆಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ.

"ಎರಡ ವರ್ಷ ಆತು ಕಾಕಾ, ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ," ಎಂದಳು. "ದಿನಾ ಹತ್ತು ಸಲ ತೊಳೀತೀನಿ. ಎಲ್ಲೆ ತಪ್ಪಿದೆ, ಎಲ್ಲೆ ತಪ್ಪಿದೆ ಅಂತ." ಎದ್ದುಹೋಗಿ ಕಾಗದ, ಪೆನ್ನು ತಂದಳು. "ಬರೀರಿ."

"ಕನ್ನಡದಲ್ಲಿ ಬರೆದರೆ ಮ್ಯಾನೇಜರಿಗೆ ಓದಲು ಬರ್ಲಿಕ್ಕಿಲ್ಲ."

"ಅವರಿಗೆ ಯಾರು ಕೊಡ್ತಾರ? ನನಗ ಬೇಕು."

ಹಿಟ್ಟು ಉಕ್ಕಿ ಫ್ಲಾಸ್ಕಿನೊಳಗೆ ಸೇರಿತು ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವಳು ಓದಿ ಕಾಗದವನ್ನು ನನ್ನ ಕಡೆಗೇ ತಳ್ಳಿದಳು.

"ಬಿರಡಿ ಯಾರು ತಗದ್ರು? ಅದನ್ನ ಬರದಿಲ್ಲ ನೋಡ್ರಿ."

ಹೊಡೆದುಹಾಕಿ ಮತ್ತೆ ಬರೆಯಲು ಕುಳಿತೆ.